ಯಾವುದನ್ನು ಯಾವುದರ ಎದುರು ಇಡಬೇಕು?

ಬೇರೆ ಬೇರೆ ಪ್ರಭೇದಗಳ ಪ್ರೋಟೀನುಗಳನ್ನು ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟು ನೋಡುವ ಕೆಲಸವನ್ನು ವರ್ಷಗಳಿಂದ ಮಾಡುತ್ತಿದ್ದರೂ, ಸೈಟೋಕ್ರೋಮ್ ಸಿ ಎಂಬ ಪುಟ್ಟ ಪ್ರೋಟೀನಿನ ಕಡೆಗೆ ನಾನು ಆಗಾಗ ಮರಳುತ್ತೇನೆ. ಮೈಟೋಕಾಂಡ್ರಿಯಾದೊಳಗೆ ಎಲೆಕ್ಟ್ರಾನುಗಳನ್ನು ಹೊತ್ತು ಸಾಗಿಸುವ ಈ ಪ್ರೋಟೀನ್ ಮನುಷ್ಯನಲ್ಲಿ 104 ಅಮೈನೋ ಆಮ್ಲಗಳಷ್ಟು (ಪ್ರೋಟೀನನ್ನು ಕಟ್ಟುವ ಬಿಡಿ ಘಟಕಗಳಷ್ಟು) ಉದ್ದವಾಗಿದೆ, ಕುದುರೆಯಲ್ಲಿಯೂ ಅಷ್ಟೇ. ಉದ್ದ ಒಂದೇ ಆಗಿರುವುದರಿಂದ ನಡುವೆ ಖಾಲಿ ಜಾಗ ಬಿಡುವ ತಾಪತ್ರಯವಿಲ್ಲದೆ ಎರಡನ್ನೂ ನೇರವಾಗಿ ಹೋಲಿಸಬಹುದು. ಹಾಗೆ ಹೋಲಿಸಿದಾಗ 12 ಸ್ಥಾನಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ಎಷ್ಟು ವ್ಯತ್ಯಾಸಗಳಿವೆ ಎಂಬುದಕ್ಕಿಂತ ಅವು ಎಲ್ಲೆಲ್ಲಿ ಬಿದ್ದಿವೆ ಎಂಬುದನ್ನು ನೋಡುವುದು ನನಗೆ ಹೆಚ್ಚು ಇಷ್ಟ. 14ನೇ ಸ್ಥಾನದಿಂದ 18ನೆಯದರವರೆಗಿನ ಐದು ಅಕ್ಷರಗಳನ್ನು, ಅಂದರೆ ಐದು ಅಮೈನೋ ಆಮ್ಲಗಳನ್ನು, ತೆಗೆದುಕೊಳ್ಳಿ. ಮನುಷ್ಯನಲ್ಲಿ ಅಲ್ಲಿರುವುದು ಸಿಸ್ಟೀನ್, ಸೆರೀನ್, ಗ್ಲುಟಮಿನ್, ಸಿಸ್ಟೀನ್, ಹಿಸ್ಟಿಡಿನ್. ಕುದುರೆಯಲ್ಲಿ ಸೆರೀನ್ ಇದ್ದ ಕಡೆ ಅಲನೀನ್ ಇದೆ, ಉಳಿದ ನಾಲ್ಕೂ ಹಾಗೆಯೇ ಇವೆ. ಆ ಎರಡು ಸಿಸ್ಟೀನ್‌ಗಳು ಹೀಮ್ ಎಂಬ ಕಬ್ಬಿಣಯುಕ್ತ ಘಟಕವನ್ನು ಪ್ರೋಟೀನಿಗೆ ಬಿಗಿದು ಕಟ್ಟುತ್ತವೆ, ಹಿಸ್ಟಿಡಿನ್ ಆ ಕಬ್ಬಿಣವನ್ನೇ ಒಂದು ಬದಿಯಿಂದ ಹಿಡಿದುಕೊಳ್ಳುತ್ತದೆ. ಈ ಮೂರರಲ್ಲಿ ಒಂದು ಬದಲಾದರೂ ಎಲೆಕ್ಟ್ರಾನ್ ಸಾಗಿಸುವ ಕೆಲಸ ಕೆಡುವ ಸಂಭವವಿರುವುದರಿಂದ ಅಂಥ ಬದಲಾವಣೆ ಹೊತ್ತ ಜೀವಿಯ ಸಂತತಿ ಮುಂದುವರಿಯುವುದು ಕಷ್ಟ. ಅವುಗಳ ನಡುವೆಯೇ ಕುಳಿತಿರುವ 15ನೇ ಸ್ಥಾನಕ್ಕೆ ಅಷ್ಟು ಕಟ್ಟುಪಾಡಿಲ್ಲ. ಪ್ರಯೋಗಾಲಯದಲ್ಲಿ ಒಂದು ಪ್ರಯೋಗವನ್ನೂ ಮಾಡದೆ, ಸಾಕಷ್ಟು ಪ್ರಭೇದಗಳ ಸರಣಿಗಳನ್ನು ಸಾಲಾಗಿ ಜೋಡಿಸಿ, ಬದಲಾಗದೆ ಉಳಿದ ಕಂಬಸಾಲುಗಳನ್ನು ಗುರುತಿಸಿದರೆ, ಪ್ರೋಟೀನಿನ ಆಯಕಟ್ಟಿನ ಜಾಗಗಳು ಯಾವುವು ಎಂಬುದರ ಮೊದಲ ಅಂದಾಜು ಸಿಗುತ್ತದೆ.

ಇದೇ ಪ್ರೋಟೀನಿನ 58ನೇ ಸ್ಥಾನ ಇನ್ನೊಂದು ಪಾಠ ಹೇಳುತ್ತದೆ. ಮನುಷ್ಯನಿಗೂ ಚಿಂಪಾಂಜಿಗೂ ಸೈಟೋಕ್ರೋಮ್ ಸಿಯಲ್ಲಿ ಒಂದೂ ವ್ಯತ್ಯಾಸವಿಲ್ಲ. ಮನುಷ್ಯನಿಗೂ ರೀಸಸ್ ಕೋತಿಗೂ ಇರುವುದು ಒಂದೇ ಒಂದು, ಅದು ಈ 58ರಲ್ಲಿ. ನಮ್ಮಲ್ಲಿ ಐಸೋಲ್ಯೂಸಿನ್, ಕೋತಿಯಲ್ಲಿ ಥ್ರಿಯೋನಿನ್. ಇವೆರಡನ್ನೇ ನೋಡುತ್ತ ಕುಳಿತರೆ ಬದಲಾದದ್ದು ನಾವೋ ಕೋತಿಯೋ ಎಂದು ತೀರ್ಮಾನಿಸಲು ದಾರಿಯಿಲ್ಲ. ಕುದುರೆಯನ್ನು ಸಾಕ್ಷಿಗೆ ಕರೆದರೆ ಅದರಲ್ಲಿಯೂ ಥ್ರಿಯೋನಿನ್ ಇದೆ. ಹಾಗಾಗಿ ಹಳೆಯ ಅಕ್ಷರ ಥ್ರಿಯೋನಿನ್ ಆಗಿತ್ತು, ಕೋತಿಯ ವಂಶದಿಂದ ಬೇರ್ಪಟ್ಟ ಮೇಲೆ ನಮ್ಮ ಕಡೆಯ ಕವಲಿನಲ್ಲಿ ಬದಲಾವಣೆ ಆಯಿತು ಎನ್ನುವುದು ಅತಿ ಸರಳ ವಿವರಣೆ. ವಂಶವೃಕ್ಷ ಕಟ್ಟುವ ಹಲವು ವಿಧಾನಗಳು ಇಂಥ ಹೊರಗಿನ ಸಾಕ್ಷಿಯನ್ನು ಯಾವುದಾದರೊಂದು ರೂಪದಲ್ಲಿ ಕೇಳುತ್ತವೆ.

ವ್ಯತ್ಯಾಸಗಳನ್ನು ಕಾಲಕ್ಕೆ ಪರಿವರ್ತಿಸಬಹುದು ಎಂಬ ಯೋಚನೆಯನ್ನು ಎಮಿಲ್ ಜುಕರ್‌ಕಾಂಡ್ಲ್ ಮತ್ತು ಲೈನಸ್ ಪಾಲಿಂಗ್ 1962ರಲ್ಲಿ ಹೀಮೋಗ್ಲೋಬಿನ್ ಆಧಾರದ ಮೇಲೆ ಮುಂದಿಟ್ಟರು. 1967ರಲ್ಲಿ ವಿನ್ಸೆಂಟ್ ಸ್ಯಾರಿಚ್ ಮತ್ತು ಅಲನ್ ವಿಲ್ಸನ್, ರಕ್ತದ ಆಲ್ಬುಮಿನ್ ಪ್ರೋಟೀನುಗಳು ಪ್ರತಿಕಾಯಗಳೊಡನೆ ವರ್ತಿಸುವ ರೀತಿಯನ್ನು ಅಳೆದು, ಮನುಷ್ಯನ ವಂಶ ಆಫ್ರಿಕದ ವಾನರಗಳಿಂದ ಕವಲೊಡೆದದ್ದು ಸುಮಾರು 50 ಲಕ್ಷ ವರ್ಷಗಳ ಹಿಂದೆ ಎಂದಾಗ, ಅದಕ್ಕಿಂತ ಬಹಳ ಹಿಂದಿನ ಕಾಲವನ್ನು ನಂಬಿದ್ದ ಪಳೆಯುಳಿಕೆ ತಜ್ಞರು ಸುಲಭವಾಗಿ ಒಪ್ಪಲಿಲ್ಲ. ಆದರೆ ವ್ಯತ್ಯಾಸಗಳಿಂದ ಕಾಲ ಅಳೆಯುವ ಈ ಗಡಿಯಾರ ಎಲ್ಲ ಪ್ರೋಟೀನುಗಳಲ್ಲಿಯೂ ಒಂದೇ ವೇಗದಲ್ಲಿ ಓಡುವುದಿಲ್ಲ. ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಎಚ್4 ಪ್ರೋಟೀನಿನಲ್ಲಿ 102 ಅಮೈನೋ ಆಮ್ಲಗಳಿವೆ. ಹಸುವಿಗೂ ಬಟಾಣಿ ಗಿಡಕ್ಕೂ ಅದರಲ್ಲಿರುವ ವ್ಯತ್ಯಾಸ ಎರಡೇ ಎರಡು. ಅವೂ ಸೌಮ್ಯವಾದ ಬದಲಾವಣೆಗಳು: ಒಂದು ಕಡೆ ವ್ಯಾಲಿನ್ ಬದಲು ಐಸೋಲ್ಯೂಸಿನ್, ಇನ್ನೊಂದು ಕಡೆ ಲೈಸಿನ್ ಬದಲು ಆರ್ಜಿನಿನ್. ಪ್ರಾಣಿಗೂ ಸಸ್ಯಕ್ಕೂ ಇರುವ ದೂರವನ್ನು ನೆನೆದರೆ ಇದು ಇಂದಿಗೂ ನನ್ನನ್ನು ಬೆರಗುಗೊಳಿಸುತ್ತದೆ. ಇನ್ನೊಂದು ತುದಿಯಲ್ಲಿ, ರಕ್ತ ಹೆಪ್ಪುಗಟ್ಟುವಾಗ ಕತ್ತರಿಸಿ ಬಿಸಾಡಲ್ಪಡುವ ಫೈಬ್ರಿನೋಪೆಪ್ಟೈಡ್ ತುಣುಕುಗಳು ಸಸ್ತನಿಗಳ ನಡುವೆಯೇ ಸಿಕ್ಕಾಪಟ್ಟೆ ಬದಲಾಗಿವೆ.

ಜೀನಿನ ಮಟ್ಟಕ್ಕೆ ಇಳಿದರೆ ಮತ್ತೊಂದು ಪದರ ತೆರೆದುಕೊಳ್ಳುತ್ತದೆ. ಡಿಎನ್‌ಎಯ ಮೂರು ಅಕ್ಷರಗಳ ಒಂದು ಕೋಡಾನ್ ಒಂದು ಅಮೈನೋ ಆಮ್ಲವನ್ನು ಸೂಚಿಸುತ್ತದೆ; ಲ್ಯೂಸಿನ್‌ಗೆ ಇಂಥ ಆರು ಕೋಡಾನ್‌ಗಳಿವೆ, ಮೆಥಿಯೋನಿನ್‌ಗೆ ಒಂದೇ. ಆದ್ದರಿಂದ ಪ್ರೋಟೀನನ್ನು ಮುಟ್ಟದೆ ಡಿಎನ್‌ಎ ಮಾತ್ರ ಬದಲಾಗುವ ಅವಕಾಶ ಧಾರಾಳವಾಗಿದೆ. ಪ್ರೋಟೀನನ್ನು ಬದಲಿಸುವ ಮಾರ್ಪಾಡುಗಳ ದರವನ್ನು ಬದಲಿಸದವುಗಳ ದರದಿಂದ ಭಾಗಿಸಿದಾಗ ಬರುವ ಸಂಖ್ಯೆ ಒಂದಕ್ಕಿಂತ ಬಹಳ ಕಡಿಮೆಯಿದ್ದರೆ, ನೈಸರ್ಗಿಕ ಆಯ್ಕೆ ಆ ಪ್ರೋಟೀನನ್ನು ಬಿಗಿಯಾಗಿ ಕಾಯುತ್ತಿದೆ ಎಂದರ್ಥ. ಹಾಗೆಂದು ಎಲ್ಲ ಹೋಲಿಕೆಗೂ ಡಿಎನ್‌ಎಯನ್ನೇ ಬಳಸುವಂತಿಲ್ಲ. ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಸಂಬಂಧವೇ ಇಲ್ಲದ ಎರಡು ಸಾಲುಗಳೂ ಕಾಲುಭಾಗದಷ್ಟು ಸ್ಥಾನಗಳಲ್ಲಿ ಆಕಸ್ಮಿಕವಾಗಿ ಹೊಂದಿಕೊಳ್ಳುತ್ತವೆ. ಮೇಲಾಗಿ ಒಂದೇ ಸ್ಥಾನ ಮತ್ತೆ ಮತ್ತೆ ಬದಲಾಗಿ ಹಳೆಯ ಗುರುತನ್ನು ಅಳಿಸಿಬಿಟ್ಟಿರುತ್ತದೆ. ದೂರದ ಸಂಬಂಧಗಳನ್ನು ಹುಡುಕುವಾಗ ಇಪ್ಪತ್ತು ಅಕ್ಷರಗಳ ಪ್ರೋಟೀನ್ ಲಿಪಿಯೇ ಹೆಚ್ಚು ನಂಬಿಕೆಗೆ ಅರ್ಹ.

ಇಷ್ಟೆಲ್ಲ ಗೊತ್ತಿದ್ದೂ ನಾನು ಆರಂಭದ ದಿನಗಳಲ್ಲಿ ಮುಗ್ಗರಿಸಿದ್ದುಂಟು. ಹೀಮೋಗ್ಲೋಬಿನ್ ಸರಣಿಗಳಿಂದ ಕಶೇರುಕಗಳ ವಂಶವೃಕ್ಷ ಕಟ್ಟುತ್ತಿದ್ದಾಗ ಒಂದು ಸಸ್ತನಿ ತನ್ನ ಬಳಗವನ್ನು ಬಿಟ್ಟು, ಮೀನುಗಳಿಗಿಂತಲೂ ಆಚೆ ಹೋಗಿ ಕುಳಿತಿತು. ತಂತ್ರಾಂಶವನ್ನು ಶಂಕಿಸಿ, ನಿಯತಾಂಕಗಳನ್ನು ಅತ್ತಿತ್ತ ತಿರುಗಿಸಿ ಎರಡು ದಿನ ಕಳೆದ ಮೇಲೆ ತಿಳಿಯಿತು: ಹೀಮೋಗ್ಲೋಬಿನ್‌ನಲ್ಲಿರುವ ಎರಡು ಬಗೆಯ ಸರಪಳಿಗಳಲ್ಲಿ, ಉಳಿದೆಲ್ಲವುಗಳ ಆಲ್ಫಾ ಸರಪಳಿಯ ಜೊತೆಗೆ ಇದೊಂದರ ಬೀಟಾ ಸರಪಳಿಯನ್ನು ನಾನೇ ಸೇರಿಸಿದ್ದೆ. ಆಲ್ಫಾ ಮತ್ತು ಬೀಟಾ ಎರಡೂ ಒಂದೇ ಪೂರ್ವಜ ಜೀನ್ ಇಮ್ಮಡಿಗೊಂಡು ಹುಟ್ಟಿದವು, ಮತ್ತು ಆ ಇಮ್ಮಡಿಕೆ ಸಸ್ತನಿಗಳು ಹುಟ್ಟುವುದಕ್ಕಿಂತ ಬಹಳ ಹಿಂದೆಯೇ ನಡೆದಿತ್ತು. ಮನುಷ್ಯನ ಆಲ್ಫಾ ಸರಪಳಿಯ 141 ಸ್ಥಾನಗಳಲ್ಲಿ ಕುದುರೆಯ ಆಲ್ಫಾಗೂ ಅದಕ್ಕೂ ಇರುವ ವ್ಯತ್ಯಾಸ 18ರಷ್ಟು. ಆದರೆ ಅದೇ ಮನುಷ್ಯನ ಮೈಯಲ್ಲಿ, ಅದೇ ರಕ್ತಕಣದಲ್ಲಿ ಜೊತೆಗಿರುವ ಬೀಟಾ ಸರಪಳಿಯೊಡನೆ ಹೋಲಿಸಿದರೆ ಅರ್ಧಕ್ಕಿಂತ ಹೆಚ್ಚು ಸ್ಥಾನಗಳು ಹೊಂದುವುದಿಲ್ಲ. ಪ್ರಭೇದಗಳು ಕವಲೊಡೆದದ್ದರಿಂದ ಬೇರೆಯಾದ ಜೀನುಗಳನ್ನು ಆರ್ಥೊಲಾಗ್ ಎಂದೂ, ಜೀನೇ ಇಮ್ಮಡಿಗೊಂಡು ಬೇರೆಯಾದವುಗಳನ್ನು ಪ್ಯಾರಲಾಗ್ ಎಂದೂ ವಾಲ್ಟರ್ ಫಿಚ್ 1970ರಲ್ಲಿಯೇ ಬೇರ್ಪಡಿಸಿ ಹೆಸರಿಟ್ಟಿದ್ದರು. ನಾನು ಕಟ್ಟಿದ್ದ ವೃಕ್ಷದಲ್ಲಿ ಆ ದೂರದ ಕವಲು ಸುಳ್ಳಾಗಿರಲಿಲ್ಲ, ಅದು ಜೀನಿನ ಕವಲಾಗಿತ್ತು. ಅದನ್ನು ಪ್ರಾಣಿಯ ಕವಲೆಂದು ಓದಿದ್ದು ನನ್ನ ತಪ್ಪು.

ಅಂದಿನಿಂದ ಯಾವ ಸರಣಿಯನ್ನೇ ತೆಗೆದುಕೊಂಡರೂ, ಅದೇ ಜೀವಿಯಲ್ಲಿ ಅದಕ್ಕೆ ಇನ್ನೆಷ್ಟು ಒಡಹುಟ್ಟಿದವುಗಳಿವೆ ಎಂದು ಮೊದಲು ಹುಡುಕುತ್ತೇನೆ. ಅಷ್ಟಾದ ಮೇಲೂ ಹೋಲಿಕೆ ದಾರಿ ತಪ್ಪಿಸಬಹುದು. ಮುಸುವ ಕೋತಿ ಮತ್ತು ಹಸು ಇವೆರಡೂ ಎಲೆ ಸೊಪ್ಪನ್ನು ಹೊಟ್ಟೆಯ ಮುಂಭಾಗದಲ್ಲಿ ಬ್ಯಾಕ್ಟೀರಿಯಾಗಳಿಂದ ಹುಳಿಸಿಕೊಂಡು, ಆಮೇಲೆ ಆ ಬ್ಯಾಕ್ಟೀರಿಯಾಗಳನ್ನೇ ಜೀರ್ಣಿಸಿಕೊಳ್ಳುತ್ತವೆ. ಅದಕ್ಕೆ ನೆರವಾಗುವ ಲೈಸೋಜೈಮ್ ಎಂಬ ಕಿಣ್ವ ಜಠರದ ಆಮ್ಲದಲ್ಲಿ ಕೆಲಸ ಮಾಡಬೇಕಾಗಿರುವುದರಿಂದ, ಎರಡೂ ವಂಶಗಳಲ್ಲಿ ಕೆಲವು ಸ್ಥಾನಗಳು ಪ್ರತ್ಯೇಕವಾಗಿಯೇ ಒಂದೇ ಅಕ್ಷರಕ್ಕೆ ಬಂದು ತಲುಪಿವೆ. ಇಲ್ಲಿ ಎದುರಿಟ್ಟ ಜೀನುಗಳು ಸರಿಯಾದವೇ, ಜೋಡಣೆಯೂ ಸರಿಯೇ, ಆದರೆ ಆ ಸ್ಥಾನಗಳ ಸಾಮ್ಯ ಪೂರ್ವಜರಿಂದ ಬಂದದ್ದಲ್ಲ. ಇಂಥ ಅನುಮಾನ ಬಂದಾಗ ಪ್ರೋಟೀನನ್ನು ಬದಿಗಿಟ್ಟು, ಅಮೈನೋ ಆಮ್ಲ ಬದಲಾಗದ ಕಡೆ ಡಿಎನ್‌ಎ ಅಕ್ಷರಗಳು ಏನು ಹೇಳುತ್ತವೆ ಎಂದು ನೋಡುತ್ತೇನೆ; ಹೊಟ್ಟೆಯ ಆಮ್ಲಕ್ಕೆ ಆ ಅಕ್ಷರಗಳ ಗೊಡವೆ ಇಲ್ಲ.