ಬೀದಿಗೆ ಕಾಣದ ಮಾಡು

ಹೋದ ನವೆಂಬರ್‌ನ ಒಂದು ಬೆಳಿಗ್ಗೆ ಟಪ್ ಟಪ್ ಸದ್ದಿಗೆ ಎಚ್ಚರವಾಯಿತು. ಮಂಚದ ಪಕ್ಕದಲ್ಲೇ ಮಾಡು ಸೋರುತ್ತಿತ್ತು. ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿ, 1820ರ ದಶಕದ ಸಾಲುಮನೆಯೊಂದರ ಕೊನೇ ಮಹಡಿಯ ಕೋಣೆ ನನ್ನದು. ಬಕೆಟ್ ಇಟ್ಟು, ಬೀದಿಗಿಳಿದು ಕತ್ತೆತ್ತಿದೆ. ಮಾಡೇ ಕಾಣಲಿಲ್ಲ! ಇಟ್ಟಿಗೆ ಗೋಡೆ ನೆಟ್ಟಗೆ ಹೋಗಿ ಗೆರೆ ಎಳೆದಂತೆ ನಿಂತಿತ್ತು. ಎರಡು ವರ್ಷದಿಂದ ಅಲ್ಲಿದ್ದೂ ಇದನ್ನು ಗಮನಿಸಿರಲಿಲ್ಲ.

ಮಧ್ಯಾಹ್ನ ರಿಪೇರಿಯವರು ಬಂದು ಮೆಟ್ಟಿಲ ಮೇಲಿನ ಕಿಂಡಿ ತೆರೆದರು. ಅವರ ಹಿಂದೆ ನಾನೂ ಏಣಿ ಹತ್ತಿ ಇಣುಕಿದೆ. ನಮ್ಮ ತೀರ್ಥಹಳ್ಳಿ ಕಡೆ ಮಾಡು ನಡುವೆ ಎತ್ತರ, ಅಂಚಿಗೆ ಇಳಿಜಾರು. ಇಲ್ಲಿ ತಿರುಗುಮುರುಗು. ಎಡಬಲದ ಗೋಡೆಗಳಿಂದ ಸ್ಲೇಟ್ ಹೊದಿಸಿದ ಮಾಡು ನಡುವಿಗೆ ಇಳಿಯುತ್ತದೆ, ತೆರೆದಿಟ್ಟ ಪುಸ್ತಕದ ಹಾಗೆ. ನಡುವೆ ನೀರು ಹರಿಯಲು ಸೀಸದ ತಗಡು ಹಾಸಿದ ದೋಣಿ. ಅದರ ತುಂಬಾ ಪ್ಲೇನ್ ಮರದ ಎಲೆ.

"ಇದಕ್ಕೆ ಲಂಡನ್ ರೂಫ್ ಅಂತಾರೆ. ವರ್ಷಕ್ಕೊಮ್ಮೆ ಬಾಚಲೇಬೇಕು" ಅಂದರು.

ಮಳೆನೀರನ್ನು ಮನೆಯ ನೆತ್ತಿಗೇ ಕರೆದು ತರೋದಾ? ತೊಟ್ಟಿಮನೆಯಲ್ಲೂ ನೀರು ನಡುವಿಗೆ ಬರುತ್ತದೆ, ನಿಜ. ಆದರೆ ಅಲ್ಲಿ ಬೀಳಲು ಅಂಗಳ ಇರುತ್ತದೆ, ಇಲ್ಲಿ ಕೆಳಗಿರುವುದು ಮಲಗುವ ಕೋಣೆ. ಆಮೇಲೆ ಓದಿದಾಗ ಕಾರಣ ಸಿಕ್ಕಿತು. 1666ರ ದೊಡ್ಡ ಬೆಂಕಿಯ ಹೆದರಿಕೆ ಲಂಡನ್ನಿಗೆ ಬಹುಕಾಲ ಇತ್ತು. ಸೂರಿನಂಚಿನ ಮರದ ಕೆಲಸ ಬೇಡ, ಗೋಡೆಯನ್ನೇ ಮಾಡಿಗಿಂತ ಮೇಲೆ ಕಟ್ಟಿ ಎಂದು 1707ರಲ್ಲಿ ಕಾನೂನು ಬಂತು. ಬರಬರುತ್ತಾ ಅದೇ ಚೆಂದ ಅನ್ನಿಸಿಕೊಂಡಿತು. ನಡುವೆ ತಗ್ಗಿದ್ದರೆ ಮಾಡು ಆ ಗೋಡೆಯ ಹಿಂದೆ ಪೂರ್ತಿ ಅಡಗುತ್ತದೆ. ಮನೆ ಅಗಲ ಕಡಿಮೆ, ಮಾಡಿಗೆ ಗಿಡ್ಡ ತೊಲೆಗಳೇ ಸಾಕು.

ಬಕೆಟ್ ಹಿಡಿದು ನಾಲ್ಕು ಅಂತಸ್ತು ಇಳಿಯುವಾಗ ಮನೆ ಬೇರೆಯದೇ ಆಗಿ ಕಂಡಿತು. ನನ್ನ ಕಿಟಕಿ ಪುಟ್ಟದು. ಕೆಳಗೆ, ಮೊದಲ ಮಹಡಿಯಲ್ಲಿ, ನೆಲ ಮುಟ್ಟುವಂಥ ಕಿಟಕಿಗಳು. ಅದು ಅತಿಥಿಗಳ ಕೋಣೆ. ಅಡುಗೆಮನೆ ನೆಲಮಾಳಿಗೆಯಲ್ಲಿ. ಕಲ್ಲಿದ್ದಲಿನ ಗೂಡು ಫುಟ್‌ಪಾತ್ ಕೆಳಗೆ, ಮೇಲೊಂದು ದುಂಡನೆಯ ಕಬ್ಬಿಣದ ಮುಚ್ಚಳ. ಅಲ್ಲಿಂದ ಕಲ್ಲಿದ್ದಲು, ಬಿಸಿನೀರು ಹೊತ್ತು ಇದೇ ಮೆಟ್ಟಿಲು ಹತ್ತಿದ ಕೆಲಸದ ಹುಡುಗಿಯರು ರಾತ್ರಿ ಮಲಗುತ್ತಿದ್ದುದು ನನ್ನಂಥ ಕೋಣೆಗಳಲ್ಲೇ. ಆ ಬಕೆಟ್ ತುಂಬಾ ಭಾರ ಅನ್ನಿಸಿತು.

ಸಂಜೆ ಹಿಂದಿನ ಓಣಿಗೆ ಹೋದೆ. ಅಲ್ಲಿಂದ ಮಾತ್ರ ಎಲ್ಲ ಕಾಣುತ್ತದೆ. ಮನೆಮನೆಗೂ ಗೋಡೆಯ ತಲೆ ನಡುವೆ ತಗ್ಗಿದೆ. ಒಂದು ವಾಲಿದೆ, ಒಂದಕ್ಕೆ ಹೊಸ ಇಟ್ಟಿಗೆಯ ತೇಪೆ. ನಮ್ಮ ಮನೆಯ ತಗ್ಗಿನಿಂದ ನೀರು ಪೈಪಿಗೆ ಸರಾಗವಾಗಿ ಇಳಿಯುತ್ತಿತ್ತು.