ತೊಗಟೆಯಡಿಯ ಹುಳುವೂ ಮರಕುಟಿಗದ ಎಲ್ಲೆಯೂ

ಒಂದು ಮರಕುಟಿಗಕ್ಕೆ ಎಷ್ಟು ಕಾಡು ಬೇಕು ಎಂಬ ಪ್ರಶ್ನೆ ಬಂದಾಗ ನಾವು ಮರಗಳನ್ನು ಎಣಿಸುತ್ತೇವೆ; ನಿಜವಾಗಿ ಎಣಿಸಬೇಕಾದದ್ದು ತೊಗಟೆಯ ಕೆಳಗಿನ ಹುಳುಗಳನ್ನು ಎಂದು ನನಗೆ ಅನಿಸುತ್ತದೆ.

ಉತ್ತರ ಅಮೆರಿಕದ ಕಪ್ಪು ಬೆನ್ನಿನ ಮರಕುಟಿಗವನ್ನೇ ನೋಡಿ. ಕಾಳ್ಗಿಚ್ಚಿಗೆ ಸಿಕ್ಕ ಪೈನ್, ಫರ್ ಕಾಡುಗಳಿಗೆ ಮರ ಕೊರೆಯುವ ದುಂಬಿಗಳು ಧಾವಿಸಿ ಬಂದು, ಆಗಷ್ಟೇ ಸತ್ತ ಮರಗಳ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತವೆ. ಅವುಗಳಿಂದ ಹೊರಬಂದ ಬಿಳಿಯ ಮರಿಹುಳುಗಳು ಒಂದೆರಡು ವರ್ಷ ಮರದೊಳಗೇ ಸುರಂಗ ಕೊರೆಯುತ್ತ ಕೊಬ್ಬುತ್ತವೆ. ಹಕ್ಕಿಯು ಇದ್ದಿಲಾದ ತೊಗಟೆಯನ್ನು ಓರೆಯಾಗಿ ಕುಟ್ಟಿ ಚಕ್ಕೆ ಹಾರಿಸಿ, ಮುಳ್ಳಿನಂಥ ನಾಲಗೆಯ ತುದಿಯಿಂದ ಅವನ್ನು ಎಳೆದು ತಿನ್ನುತ್ತದೆ. ಊಟ ಹೀಗೆ ಒತ್ತೊತ್ತಾಗಿರುವಾಗ ಅದರ ಓಡಾಟ ಹತ್ತಾರು ಹೆಕ್ಟೇರ್‌ಗಳಲ್ಲೇ ಮುಗಿಯಬಹುದು. ವರ್ಷಗಳು ಉರುಳಿ, ಮರ ಒಣಗಿ, ಹುಳುಗಳು ವಿರಳವಾದಂತೆ ಅದೇ ಜಾತಿಯ ಹಕ್ಕಿಯ ವ್ಯಾಪ್ತಿ ನೂರಾರು ಹೆಕ್ಟೇರ್‌ಗಳಿಗೆ ಹಿಗ್ಗುತ್ತದೆ.

ಆಹಾರವೊಂದೇ ಕಾರಣವಲ್ಲ, ನಿಜ. ಗೂಡಿನಲ್ಲಿ ಮರಿಗಳಿದ್ದಾಗ ಹಕ್ಕಿ ದೂರ ಹೋಗಲಾರದು, ನೆರೆಯ ಜೋಡಿಯೂ ಸುಮ್ಮನಿರುವುದಿಲ್ಲ. ಆದರೂ ದೊಡ್ಡ ಎಲ್ಲೆಯನ್ನು ಸಮೃದ್ಧಿಯ ಗುರುತೆಂದು ಓದುವುದು ತಪ್ಪು. ಅಷ್ಟು ದೂರ ಹಾರಲು ಶಕ್ತಿ ವ್ಯಯವಾಗುತ್ತದೆ, ಬಹಳಷ್ಟು ಸಲ ಅದು ಹಸಿವಿನ ಅಳತೆ.