ಎಷ್ಟ್ ದಿನಕ್ಕ ಕರಗ್ತದಪ್ಪಾ?

ಭಾನುವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಪಾತ್ರೆ ತೊಳೆಯುವಾಗ, ಶಾಲೆಗೆ ಹೋಗುವ ಆಟೋದಲ್ಲಿ, ರಾತ್ರಿ ದೀಪ ಆರಿಸಿದ ಮೇಲೆ. "ಎಷ್ಟ್ ದಿನಕ್ಕ ಕರಗ್ತದಪ್ಪಾ?"

ಕೇಳಿದವನು ನಮ್ಮ ಕಾಕಾನ ಮಗ. ನನಗೆ ತಮ್ಮ. ಅಮೆರಿಕದ ಮಿನ್ನೆಸೋಟದಲ್ಲಿದ್ದಾನೆ. ಕೇಳಿದ್ದು ಭೀಮಾ ನದಿ ಬಿಟ್ಟು ಹೋದ ಕೆಸರಿನ ಬಗ್ಗೆ.

ಕಾಕಾನ ಊರು ಗಾಣಗಾಪುರದಿಂದ ಸ್ವಲ್ಪ ಆಚೆ, ಹೊಳೆ ದಂಡೆಗೆ. ಮಹಾರಾಷ್ಟ್ರದಲ್ಲಿ ಮಳೆ ಜೋರಾಗಿ ಉಜನಿ ಡ್ಯಾಮಿನಿಂದ ನೀರು ಬಿಟ್ಟರು ಅಂದರೆ ಇಲ್ಲಿ ಮಂದಿ ಗಂಟುಮೂಟೆ ಕಟ್ಟಲು ಶುರು ಮಾಡುತ್ತಾರೆ. 2020ರ ಅಕ್ಟೋಬರ್‌ನಲ್ಲಿ ಹಾಗಾಗಿತ್ತು. ಈ ಸಲವೂ ಹಾಗೇ. ಮೂರನೇ ದಿನ ನೀರು ಇಳಿಯಿತು. ಕೆಸರು ಉಳಿಯಿತು. ಅಂಗಳದಲ್ಲಿ ಗೇಣುದ್ದ, ಹೊಲಕ್ಕೆ ಹೋಗುವ ದಾರಿಯಲ್ಲಿ ಮೊಣಕಾಲುದ್ದ. ತೊಗರಿ ಹೋಯಿತು, ಅದನ್ನು ಬೇರೆ ಹೇಳಬೇಕಾಗಿಲ್ಲ. ತೊಗರಿಯ ಬುಡದಲ್ಲಿ ನೀರು ನಿಂತರೆ ಗಿಡ ಉಳಿಯುವುದಿಲ್ಲ ಅನ್ನೋದು ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತು.

ಊರಿಗೆಲ್ಲ ಒಂದೇ ಜೆಸಿಬಿ. ಅದಕ್ಕೆ ಪಾಳಿ. ತಾಸಿನ ಲೆಕ್ಕದಲ್ಲಿ ಬಾಡಿಗೆ. ಅದೂ ಕಾಕಾನ ಓಣಿಯೊಳಗೆ ಹಿಡಿಸುವುದಿಲ್ಲ. ಹದಿನೈದು ದಿನ ಕಾದ ಕಾಕಾ ಒಂದು ಬೆಳಿಗ್ಗೆ ಎದ್ದು ಹಳೇ ಟ್ರ್ಯಾಕ್ಟರ್ ಹೊರಗೆ ತೆಗೆದ.

ಎಚ್‌ಎಂಟಿ ಅಂದರೆ ಬೆಂಗಳೂರಿನವರಿಗೆ ಕೈಗಡಿಯಾರ ನೆನಪಾಗಬಹುದು. ನಮ್ಮ ಮನೆಯಲ್ಲಿ ಟ್ರ್ಯಾಕ್ಟರ್. ಚೆಕೊಸ್ಲೊವಾಕಿಯಾದ ಜೆಟರ್ ಮಾದರಿಯನ್ನು ತಂದು ಎಚ್‌ಎಂಟಿಯವರು 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಮಾಡಲು ಶುರು ಮಾಡಿದರು. 2511 ಅಂತ ಹೆಸರು. ಎರಡು ಸಿಲಿಂಡರ್, 25 ಅಶ್ವಶಕ್ತಿ. ಮುತ್ಯಾ 1977ರಲ್ಲಿ ಕೊಂಡಿದ್ದು. ಈಗ ಚೆಕೊಸ್ಲೊವಾಕಿಯಾ ಅನ್ನೋ ದೇಶವೇ ಇಲ್ಲ. ಪಿಂಜೋರಿನ ಟ್ರ್ಯಾಕ್ಟರ್ ಕಾರ್ಖಾನೆ ಮುಚ್ಚಲು 2016ರಲ್ಲಿ ಸರ್ಕಾರ ತೀರ್ಮಾನ ಮಾಡಿತು. ಕಾಕಾನ ಕೊಟ್ಟಿಗೆಯಲ್ಲಿ ಅದು ಇನ್ನೂ ಡಗ್ ಡಗ್ ಅನ್ನುತ್ತದೆ.

ತಮ್ಮ ಅಲ್ಲಿ ಇಟ್ಟಿರುವುದೂ ಹಳೆಯದೇ. ಫೋರ್ಡ್ 8ಎನ್. ಅದು 1947ರಿಂದ 1952ರವರೆಗೆ ಬಂದ ಗಾಡಿ, ಐದು ಲಕ್ಷಕ್ಕೂ ಜಾಸ್ತಿ ಮಾಡಿದ್ದರಂತೆ. ಪೆಟ್ರೋಲ್ ಎಂಜಿನ್, 6 ವೋಲ್ಟ್ ಬ್ಯಾಟರಿ. ಪಕ್ಕದ ಮುದುಕನಿಂದ ಕೊಂಡ. ಕಂಪ್ಯೂಟರ್ ಮುಂದೆ ಕೂತು ದುಡಿಯುವವನಿಗೆ ಟ್ರ್ಯಾಕ್ಟರ್ ಯಾಕೆ ಅಂತ ಕಾಕು ಬೈದಿದ್ದಳು. ಮನೆಯಿಂದ ರಸ್ತೆಯವರೆಗೆ ಉದ್ದ ದಾರಿ ಇದೆ, ಚಳಿಗಾಲದಲ್ಲಿ ಹಿಮ ತಳ್ಳದಿದ್ದರೆ ಕಾರು ಹೊರಗೆ ಬರಲ್ಲ ಅಂದ. ನನಗೇನೋ ಅದು ನೆಪ ಅನಿಸುತ್ತದೆ. ಅಪ್ಪನ ಹಾಗೆ ಒಂದು ಟ್ರ್ಯಾಕ್ಟರ್ ಬೇಕಿತ್ತು ಅವನಿಗೆ, ಅಷ್ಟೇ.

ಹೋದ ಜನವರಿಯಲ್ಲಿ ಅವನೊಂದು ವಿಡಿಯೋ ಕಳಿಸಿದ್ದ. ಕೆಂಪು ಹೊಟ್ಟೆಯ ಬೂದು ಟ್ರ್ಯಾಕ್ಟರ್, ಮುಂದೆ ಬಾಗಿದ ದೊಡ್ಡ ತಗಡು. ಬಿಳಿ ಹಿಮ ಅದರೊಳಗೆ ಸುರುಳಿ ಸುತ್ತಿ ಪಕ್ಕಕ್ಕೆ ಬೀಳುತ್ತಿತ್ತು. ಕಾಕಾ ಅದನ್ನು ಊರಿಗೆಲ್ಲ ತೋರಿಸಿದ್ದ. ಈಗ ಅದನ್ನೇ ವೆಲ್ಡಿಂಗ್ ಹುಡುಗನ ಮುಂದೆ ಹಿಡಿದು, "ಹಿಂಥಾದ್ದು ಮಾಡು" ಅಂದನಂತೆ.

ಆ ಹುಡುಗ ಐಟಿಐ ಮಾಡಿ ಪುಣೆಗೆ ಹೋಗಿ ವಾಪಸ್ ಬಂದವನು. ಊರವರು ಅವನನ್ನು 'ಹೊಳ್ಳಿ ಬಂದಾಂವ' ಅಂತ ಆಡಿಕೊಳ್ಳುತ್ತಾರೆ. ಊರಿನಲ್ಲಿ ಅವನಷ್ಟು ಬುದ್ಧಿ ಇನ್ನೊಬ್ಬರಿಗಿಲ್ಲ ಅಂತ ನಾನು ಬರೆದುಕೊಡುತ್ತೇನೆ. ಬಾಗಿದ ತಗಡಿಗೆ ಗುಜರಿಯಲ್ಲಿದ್ದ ಹಳೇ ನೀರಿನ ಟ್ಯಾಂಕರ್‌ನ ಹೊಟ್ಟೆ ಕತ್ತರಿಸಿ ತಂದ. ಬಾಗಿಸುವ ಕೆಲಸವೇ ತಪ್ಪಿತು. ಕೆಳಗಿನ ಅಂಚಿಗೆ ಲಾರಿಯ ಕಮಾನು ಪಟ್ಟಿ, ಸವೆದರೆ ಬಿಚ್ಚಿ ಬದಲಿಸಲು ಬೋಲ್ಟ್.

ಕಾಕಾ ಇದನ್ನು ಸೀದಾ ಮುಂದಿನ ಆಕ್ಸಲ್‌ಗೆ ಹಚ್ಚು ಅಂದಿದ್ದ. ಹುಡುಗ ಒಪ್ಪಲಿಲ್ಲ. "ಕಾಕಾ, ಗಾಡಿ ಜೋರು ಹಿಂದ ಅದ. ತಳ್ಳೂದು ಹಿಂದಿನಿಂದ. ಮುಂದ ಹಚ್ಚಿದ್ರ ಮುಂದಿಂದು ಮುರೀತದ." ಎರಡು ಚಾನಲ್ ಕಬ್ಬಿಣವನ್ನು ಟ್ರ್ಯಾಕ್ಟರ್ ಹೊಟ್ಟೆಯ ಕೆಳಗಿನಿಂದ ಒಯ್ದು ಹಿಂದಿನ ಆಕ್ಸಲ್ ಹತ್ತಿರ ಪಿನ್ ಹಾಕಿದ. ತಮ್ಮನ ಫೋರ್ಡಿಗೂ ಹಾಗೇ ಇದೆಯಂತೆ, ಆಮೇಲೆ ಗೊತ್ತಾಯಿತು. ಇಬ್ಬರೂ ಮಾತಾಡಿಕೊಂಡಿರಲಿಲ್ಲ.

ಇನ್ನು ಎತ್ತುವುದು ಹೇಗೆ? ಹಳೇ ಟ್ರ್ಯಾಕ್ಟರ್‌ಗಳಿಗೆ ಹೈಡ್ರಾಲಿಕ್ ತೋಳು ಇರುವುದು ಹಿಂದೆ ಮಾತ್ರ. ಬಾವಿ ಮೇಲಿನ ಹಳೇ ಗಡಗಡಿ ಬಿಚ್ಚಿ ಮುಂದೆ ಕೂರಿಸಿ, ಅದರ ಮೇಲಿಂದ ತಂತಿ ಹಗ್ಗ ಹಾಯಿಸಿ ಹಿಂದಿನ ತೋಳಿಗೆ ಕಟ್ಟಿದರು. ಹಿಂದೆ ತೋಳು ಎದ್ದರೆ ಮುಂದೆ ತಗಡು ಏಳುತ್ತದೆ. ಇಳಿಯುವುದು ತನ್ನ ಭಾರಕ್ಕೆ ತಾನೇ. ಮುತ್ಯಾ ನೀರು ಸೇದಿದ ಗಡಗಡಿ ಅದು. ಕೀರ್ ಕೀರ್ ಅನ್ನುವುದು ಇನ್ನೂ ಬಿಟ್ಟಿಲ್ಲ.

ಭಾನುವಾರ ನಾನು ಮೊದಲ ಬಸ್ಸಿಗೆ ಹೋದೆ. ಬೆಳಿಗ್ಗೆ ಎಂಟೂವರೆಗೆ ವಿಡಿಯೋ ಕಾಲ್. ಅಲ್ಲಿ ಶನಿವಾರ ರಾತ್ರಿ ಹತ್ತು. ಅವನು ಗ್ಯಾರೇಜಿನಲ್ಲಿ ಟೋಪಿ ಹಾಕಿಕೊಂಡು ನಿಂತಿದ್ದ. ಅವನೂ ಅದೇ ವಾರ ತಗಡು ಹಚ್ಚುತ್ತಿದ್ದ. ಅಕ್ಟೋಬರ್ ಮುಗಿಯುವುದರೊಳಗೆ ಹಚ್ಚಲೇಬೇಕಂತೆ. 1991ರಲ್ಲಿ ಅಕ್ಟೋಬರ್ 31ಕ್ಕೆ ಶುರುವಾದ ಹಿಮ ಡುಲುತ್ ಊರಲ್ಲಿ ಸುಮಾರು 37 ಇಂಚು ಬಿದ್ದಿತ್ತು, ಪಕ್ಕದ ಮುದುಕ ಈಗಲೂ ಅದನ್ನೇ ಹೇಳುತ್ತಾನೆ ಅಂದ. ನಮ್ಮಲ್ಲಿ ಹೊಳೆ ಬಂದ ವರ್ಷ ಹೇಳುವ ಹಾಗೆ.

ಆಮೇಲೆ ಅರ್ಧ ತಾಸು ಅಪ್ಪ ಮಗ ಮಾತಾಡಿದ್ದು ಕೇಳಬೇಕಿತ್ತು. ಹತ್ತು ವರ್ಷದಲ್ಲಿ ಇಬ್ಬರೂ ಅಷ್ಟು ಮಾತಾಡಿದ್ದು ನಾನು ನೋಡಿಲ್ಲ. "ಊಟ ಆಯ್ತಾ, ಚಳಿ ಅದ ಏನು" ಅನ್ನುವುದರಲ್ಲೇ ಮುಗಿಯುತ್ತಿತ್ತು. ಈಗ ನಟ್ಟು, ಬೋಲ್ಟು, ಸ್ಪ್ರಿಂಗು. ತಗಡು ಆರು ಅಡಿ ಇದ್ದರೆ ಸಾಲುವುದಿಲ್ಲ, ಓರೆಯಾಗಿ 30 ಡಿಗ್ರಿ ತಿರುಗಿಸಿದರೆ ಐದು ಅಡಿ ಮೇಲೆ ಎರಡು ಇಂಚಿಗೆ ಬರುತ್ತದೆ, ಗಾಲಿಗಿಂತ ಅಗಲ ಇರಬೇಕು ಅಂತ ಮಗ. ಏಳು ಅಡಿ ಮಾಡ್ಸೀನಿ ಅಂತ ಅಪ್ಪ. ಚಳಿಗೆ ಹೆಪ್ಪುಗಟ್ಟಬಾರದು ಅಂತ ಅಲ್ಲಿ ಹಿಂದಿನ ಟೈರಿನೊಳಗೆ ಕ್ಯಾಲ್ಸಿಯಂ ಕ್ಲೋರೈಡ್ ಕಲಸಿದ ನೀರು ತುಂಬುತ್ತಾರಂತೆ. "ನಾವು ಬರೇ ನೀರ್ ತುಂಬ್ತೀವಿ. ನೀವು ಉಪ್ಪಿನಕಾಯಿ ಹಾಕ್ತೀರಿ" ಅಂದ ಕಾಕಾ. ಮಗ ಬಿದ್ದು ಬಿದ್ದು ನಕ್ಕ.

"ಅಲ್ಲಪ್ಪಾ, ನಮ್ಮೂರಾಗ ಇದು ನಡೀತದೇನು?"

"ಯಾಕ ನಡ್ಯಂಗಿಲ್ಲ? ನಿಮ್ಮಲ್ಲಿ ಬೆಳ್ಳಂದು ಮ್ಯಾಲಿಂದ ಬೀಳ್ತದ. ನಮ್ಮಲ್ಲಿ ಕರೀದು ಹೊಳ್ಯಾಗಿಂದ ಬರ್ತದ. ತಳ್ಳೂದು ಒಂದೇ ಅಲ್ಲೇನು?"

ಕಾಕಾ ಫೋನ್ ತಿರುಗಿಸಿ ಅಂಗಳ ತೋರಿಸಿದ. ಬೇವಿನ ಗಿಡದ ಬುಡ, ನೀರಿನ ಗುರುತು ಬಿದ್ದ ಗೋಡೆ, ಬಿರುಕು ಬಿಟ್ಟ ಕೆಸರು. ತಮ್ಮ ಸ್ವಲ್ಪ ಹೊತ್ತು ನೋಡಿದ. ಆಗ ಕೇಳಿದ್ದು.

"ಎಷ್ಟ್ ದಿನಕ್ಕ ಕರಗ್ತದಪ್ಪಾ?"

ಬಾಯಿ ತಪ್ಪಿ ಬಂದ ಮಾತು. ಅಲ್ಲಿ ವರ್ಷವರ್ಷ ಅದನ್ನೇ ಕೇಳುತ್ತಾರೆ, ನಾಲಿಗೆಗೆ ರೂಢಿ. ನಾನು ಕಿಸಕ್ಕನೆ ನಕ್ಕೆ. ಕಾಕು ನಕ್ಕಳು. ಗೋಡೆಗೆ ಆತು ನಿಂತು ಬೆಳಿಗ್ಗೆಯಿಂದ ಪುಕ್ಕಟೆ ಸಲಹೆ ಕೊಡುತ್ತಿದ್ದ ಪಕ್ಕದ ಮನೆಯವನೂ ನಕ್ಕ. ಕಾಕಾ ನಗಲಿಲ್ಲ.

"ಇದು ಕರಗಂಗಿಲ್ಲೋ ತಮ್ಮಾ" ಅಂದ. ಸಿಟ್ಟಿಲ್ಲ, ಬೇಜಾರಿಲ್ಲ. ಸಣ್ಣವನಿಗೆ ಹೇಳಿದ ಹಾಗೆ ಹೇಳಿದ.

ಮೊದಲಿಗೆ ನನಗೆ ತಮ್ಮನ ಮೇಲೆ ಸಿಟ್ಟು ಬಂತು. ಹುಟ್ಟಿ ಬೆಳೆದ ಊರಿನ ಮಣ್ಣು ಕರಗುತ್ತಾ ಅಂತ ಕೇಳುತ್ತಾನಲ್ಲ, ಇಷ್ಟು ಮರೆತನಾ ಅಂತ. ಬಸ್ಸಿನಲ್ಲಿ ವಾಪಸ್ ಬರುವಾಗ ಲೆಕ್ಕ ಹಾಕಿದೆ. ನೀರು ಬಂದಿದ್ದು ಸೆಪ್ಟೆಂಬರ್ ಕೊನೆಗೆ. ನಾನು ಇರುವುದು ಕಲಬುರಗಿಯಲ್ಲಿ, ಒಂದು ತಾಸಿನ ದಾರಿ. ಹೋಗಿದ್ದು ಮೂರು ವಾರದ ಮೇಲೆ. ನಡುವೆ ದಿನಾ ಫೋನ್ ಮಾಡಿದೆ, ಎರಡು ಸಲ ಫೋನ್‌ಪೇ ಮಾಡಿದೆ, ಟಿವಿಯಲ್ಲಿ ಸೊನ್ನ ಬ್ಯಾರೇಜ್ ನೋಡಿ ಅಯ್ಯೋ ಅಂದೆ. ಪರೀಕ್ಷೆ ಪೇಪರ್ ಇತ್ತು, ದಸರಾಕ್ಕೆ ಅತ್ತೆ ಮನೆಗೆ ಹೋಗಬೇಕಿತ್ತು. ಎಲ್ಲ ಖರೆ. ಆದರೆ ಒಳಗೊಳಗೆ ನಾನೂ ಅದನ್ನೇ ಕಾಯುತ್ತಿದ್ದೆ ಅಲ್ವಾ? ಸ್ವಲ್ಪ ದಿನ ಹೋದರೆ ಎಲ್ಲ ತಾನಾಗೇ ಸರಿಯಾಗಿರುತ್ತೆ, ಆಮೇಲೆ ಹೋದರಾಯಿತು ಅಂತ. ಅವನು ಎಂಟು ಸಾವಿರ ಮೈಲಿ ದೂರದಿಂದ ಬಾಯಿ ಬಿಟ್ಟು ಕೇಳಿದ. ನಾನು ಕೇಳದೆ ಕಾದೆ.

ಕೆಸರು ತಳ್ಳಿದ ಕಥೆ ಇನ್ನೂ ಹೇಳಿಲ್ಲ.

ಕಾಲ್ ಮುಗಿಸಿ ಕಾಕಾ ಟ್ರ್ಯಾಕ್ಟರ್ ಏರಿದ. ಮುಂದೆ ಭಾರ ಜಾಸ್ತಿಯಾಗಿ ಹಿಂದಿನ ಗಾಲಿ ಜಾರಬಾರದು ಅಂತ ಹಿಂದೆ ಹಲಗೆ ಕಟ್ಟಿ ನಾಲ್ಕು ಚೀಲ ಉಸುಕು ಇಟ್ಟಿದ್ದರು. ಡಗ್ ಡಗ್ ಅಂತ ಮುಂದೆ ಹೋಯಿತು. ಮೊದಲ ಹತ್ತು ಹೆಜ್ಜೆ ನೋಡಿ ಓಣಿಯವರೆಲ್ಲ ಚಪ್ಪಾಳೆ ತಟ್ಟಿದರು. ಹನ್ನೊಂದನೇ ಹೆಜ್ಜೆಗೆ ನಿಂತಿತು. ಹಿಮ ಸುರುಳಿ ಸುತ್ತಿ ಪಕ್ಕಕ್ಕೆ ಬೀಳುತ್ತದೆ. ಎರೆ ಮಣ್ಣು ಬೀಳುವುದಿಲ್ಲ. ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಕೆಳಗೆ ಹಸಿ ಇತ್ತು. ಅದು ತಗಡಿಗೆ ಹತ್ತಿಕೊಂಡು, ಅದರ ಮೇಲೆ ಇನ್ನಷ್ಟು ಹತ್ತಿಕೊಂಡು, ತಗಡೇ ಕಾಣದ ಹಾಗಾಯಿತು. ಕಾಕಾ ಇಳಿದು ಕಳೆ ತೆಗೆಯುವ ಕುರ್ಚಿಗೆಯಿಂದ ಕೆರೆದ. ಸುಟ್ಟ ಆಯಿಲ್ ಬಳಿದು ಮತ್ತೆ ಹೊರಟ. ಇಪ್ಪತ್ತು ಹೆಜ್ಜೆ. ಮತ್ತೆ ಅದೇ.

ಆಗಲೇ ಟಣ್ ಅಂತ ದೊಡ್ಡ ಸಪ್ಪಳ. ಕೆಸರಿನ ಕೆಳಗಿದ್ದ ಶಹಾಬಾದ್ ಫರಸಿಯ ಅಂಚಿಗೆ ತಗಡು ಸಿಕ್ಕಿತ್ತು. ನನ್ನ ಎದೆ ಧಸಕ್ಕಂತು. ಆದರೆ ತಗಡು ಮುಂದಕ್ಕೆ ಬಾಗಿ, ಕಲ್ಲು ದಾಟಿ, ಮತ್ತೆ ಎದ್ದು ನಿಂತಿತು. ಆ ಹುಡುಗ ಹಳೇ ಕಲ್ಟಿವೇಟರ್‌ನ ಎರಡು ಸ್ಪ್ರಿಂಗ್ ಹಿಂದೆ ಕೂರಿಸಿದ್ದ. ಫರಸಿಯೂ ಒಡೆಯಲಿಲ್ಲ, ಗಾಡಿಯೂ ಮುರಿಯಲಿಲ್ಲ. ಪಕ್ಕದ ಮನೆಯವನು ಅವತ್ತು ಮೊದಲ ಸಲ ಸುಮ್ಮನಾದ.

ಕಾಕಾ ಎಂಜಿನ್ ಬಂದ್ ಮಾಡಿದ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿದ. ಹೆಬ್ಬೆರಳಿನಿಂದ ಒತ್ತಿದ. ಒಡೆಯಲಿಲ್ಲ, ಚಪ್ಪಟೆಯಾಯಿತು. "ಹದ ಬಂದಿಲ್ಲ. ನನಗ ತಿಳೀಬೇಕಿತ್ತು. ವಿಡಿಯೋ ನೋಡಿ ಮರ್ತೆ" ಅಂದ. ಉಂಡೆಯನ್ನು ಗೋಡೆ ಮೇಲೆ ಇಟ್ಟು ರೊಟ್ಟಿ, ಪುಂಡಿಪಲ್ಯ ಉಣ್ಣಲು ಒಳಗೆ ಹೋದ.

ಬುಧವಾರ ಫೋನ್ ಬಂತು. ಎರಡು ದಿನ ಬಿಸಿಲು ಜೋರಿತ್ತಂತೆ. ಉಂಡೆ ಒತ್ತಿದರೆ ಪುಡಿಯಾಯಿತಂತೆ. ಅಂಗಳ ಅರ್ಧ ತೆಗೆದಾಯಿತು, ಹೆಂಟೆ ಹೆಂಟೆಯಾಗಿ ಪಕ್ಕಕ್ಕೆ ಬೀಳುತ್ತಿದೆ, ಹೊಲದ ದಾರಿ ಬಾಕಿ. ಕಮಾನು ಪಟ್ಟಿಯ ಬೋಲ್ಟ್ ಎರಡು ತುಂಡಾಗಿವೆ.

"ಶನಿವಾರ ಬರ್ತೀ ಏನ್ ಯವ್ವಾ? ಬರೂಮುಂದ ಅರ್ಧ ಇಂಚಿನ ಬೋಲ್ಟ್ ಆರು ತಗೊಂಡ್ ಬಾ. ಗಟ್ಟೀವು."

ಇವತ್ತು ಸಂಜೆ ಅಂಗಡಿಗೆ ಹೋಗಿದ್ದೆ. ಮಾಲೀಕ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೇಡಂ, ಯಾರಾದ್ರೂ ಗಂಡಸರನ್ನ ಕಳಸ್ರಿ, ಅವ್ರಿಗೆ ತಿಳೀತದ" ಅಂದ. ಯಾತಕ್ಕೆ ಬೇಕು ಅಂತಲೂ ಕೇಳಿದ.

"ಹಿಮ ತಳ್ಳೂದಕ್ಕ" ಅಂದೆ.

ಆರು ಕೇಳಿದ್ದಕ್ಕೆ ಎಂಟು ಕೊಟ್ಟ.